ನೀಲಿ ಬಟ್ಟೆ ಕಟ್ಟಿದ ಕೊಂಬೆ

ಮರಕುಟಿಗ ಕೈಗರಗಸದ ಹಿಡಿಯಿಂದ ಕೊಂಬೆಯನ್ನು ಇನ್ನೊಮ್ಮೆ ಬಡಿದ. ಮೊದಲ ಸಲ ಬಡಿದಾಗ ಕೇಳಿಸಿದ ಸದ್ದೇ ಮತ್ತೆ ಕೇಳಿಸಿತು. ಖಾಲಿ ಪೆಟ್ಟಿಗೆಯ ಮೇಲೆ ಬೆರಳು ಮಡಚಿ ಬಡಿದರೆ ಬರುತ್ತದಲ್ಲ, ಆ ಸದ್ದು. ಒಳಗೆ ತಿರುಳಿಲ್ಲದ ಕೊಂಬೆ ಕೊಡುವ ಸದ್ದು. ಆದರೆ ಅದೇ ಕೊಂಬೆಯ ಬುಡಕ್ಕೆ, ಅವನಿಗಿಂತ ಮೊದಲು ಹತ್ತಿದ್ದ ಸೊಸೆ ನೀಲಿ ಬಟ್ಟೆಯ ಚೂರೊಂದನ್ನು ಬಿಗಿಯಾಗಿ ಗಂಟು ಹಾಕಿ ಹೋಗಿದ್ದಳು. ಬಟ್ಟೆ ಕಟ್ಟಿದ್ದಾರೆಂದರೆ ಗಟ್ಟಿ ಕೊಂಬೆ. ಕೊಯ್ಯಬೇಡ, ಬೇಕಿದ್ದರೆ ನಿನ್ನ ಹಗ್ಗವನ್ನೇ ಇದಕ್ಕೆ ಹಾಕಿಕೋ, ನಿನ್ನ ಭಾರ ಹೊರುತ್ತದೆ ಎಂದು ಅರ್ಥ. ಈ ಕಸುಬಿಗೆ ಬಿದ್ದ ದಿನದಿಂದ ಅವನು ಹಾಗೆಯೇ ಕಟ್ಟುತ್ತ ಬಂದಿದ್ದ.

"ಇದೇನು ಗ್ರಹಚಾರ," ಎಂದು ಗೊಣಗಿದ. "ಕೊಂಬೆ ಕೆಟ್ಟಿದೆಯೋ, ನನ್ನ ಕಿವಿ ಕೆಟ್ಟಿದೆಯೋ?"

ಮರಕುಟಿಗ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮರ ಕೊಯ್ಯುವವರ ನಡುವೆ ಬಿದ್ದ ಹೆಸರು. ಬೇರೆಯವರು ಎಲೆ ನೋಡುತ್ತಾರೆ, ತೊಗಟೆ ನೋಡುತ್ತಾರೆ, ಬುಡದಲ್ಲಿ ಅಣಬೆ ಎದ್ದಿದೆಯೇ ಎಂದು ನೋಡುತ್ತಾರೆ. ಇವನು ಬಡಿದು ಕಿವಿಗೊಟ್ಟು ಕೇಳುತ್ತಾನೆ. ನೆಂಟರ ಮನೆಗೆ ಹೋದರೂ ಬಾಗಿಲ ಚೌಕಟ್ಟನ್ನು ಒಂದು ಸಲ ತಟ್ಟದೆ ಒಳಗೆ ಕಾಲಿಡುವವನಲ್ಲ ಎಂದು ಹೆಂಡತಿ ಹಂಗಿಸುವುದುಂಟು. ಹೀಗೆ ಕಿವಿಯನ್ನೇ ನಂಬಿ ಬದುಕಿದವನು ಈಚೆಗೆ ಟೀವಿಯ ಮುಂದೆ ಕೂತು "ಸ್ವಲ್ಪ ಜೋರು ಮಾಡ್ರೋ" ಎಂದು ಹೇಳಿ ಮನೆಯವರಿಂದ ಬೈಸಿಕೊಳ್ಳುತ್ತಿದ್ದ. ವಯಸ್ಸು ಯಾರನ್ನೂ ಬಿಡುವುದಿಲ್ಲ. ಮೊಣಕಾಲು ಮೊದಲೇ ಕೈ ಕೊಟ್ಟಿತ್ತು. ಈಗ ಕಿವಿಯೂ ಅದೇ ದಾರಿ ಹಿಡಿಯಿತೋ ಏನೋ ಎಂಬ ಹೆದರಿಕೆಯನ್ನು ಅವನು ಯಾರಲ್ಲೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಕೆಳಗೆ ಶಿಶುವಿಹಾರದ ಅಂಗಳ. ರಜೆಯ ಕೊನೆಯ ದಿನವಾದ್ದರಿಂದ ಮಕ್ಕಳಿರಲಿಲ್ಲ. ಪುಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಅಂಗಳದ ನಡುವೆ ನಿಂತ ಈ ಮಳೆಮರ ಒಂದು ಕಡೆ ಗೇಟಿನ ಮೇಲೂ ಇನ್ನೊಂದು ಕಡೆ ಜಾರುಬಂಡೆಯ ಮೇಲೂ ಉದ್ದುದ್ದ ಕೈ ಚಾಚಿತ್ತು. "ನೆರಳು ಹೋಗಬಾರ್ದು ನೋಡಿ. ಬೀಳೋ ಹಾಗಿರೋ ಕೊಂಬೆ ಮಾತ್ರ ತೆಗೀರಿ. ನಾಳೆ ಬೆಳಿಗ್ಗೆ ಮಕ್ಕಳು ಬಂದ್ಬಿಡ್ತಾರೆ," ಎಂದು ಟೀಚರಮ್ಮ ಬೆಳಿಗ್ಗೆ ಬೀಗ ತೆಗೆಯುವಾಗಲೇ ಹೇಳಿದ್ದರು. ಹೇಳಿ ಒಳಗೆ ಹೋಗಿ ಗೋಡೆಗೆ ಚಿತ್ರ ಅಂಟಿಸುತ್ತ ಕೂತಿದ್ದರು.

ಸೊಸೆ ಬಟ್ಟೆ ಕಟ್ಟಿದ್ದೆಲ್ಲ ಜಾರುಬಂಡೆಯ ಕಡೆಯ ಕೊಂಬೆಗಳಿಗೆ. ಗೇಟಿನ ಕಡೆ ಒಂದು ಚೂರೂ ಇರಲಿಲ್ಲ. ಅಂದರೆ ಗೇಟಿನ ಕಡೆಯದನ್ನು ಕೊಯ್ಯಬೇಕು, ಜಾರುಬಂಡೆಯ ಕಡೆಯದು ಉಳಿಯಬೇಕು. ಅವನು ಕುಂಡಿ ಸರಿಸಿಕೊಂಡು ಹೋಗಿ ಗೇಟಿನ ಕಡೆಯ ಕೊಂಬೆಯನ್ನೂ ಬಡಿದು ನೋಡಿದ. ಗಟ್ಟಿ ಸದ್ದು, ಅಂಗೈಗೆ ತಾಗುವಂಥ ಸದ್ದು. ಅವನಿಗೆ ತಲೆಯೇ ಓಡಲಿಲ್ಲ. ಉಳಿಸು ಎಂದದ್ದು ಪೊಳ್ಳು ಕೇಳಿಸುತ್ತಿದೆ, ಕೊಯ್ಯಿ ಎಂದದ್ದು ಗಟ್ಟಿ ಕೇಳಿಸುತ್ತಿದೆ. ಹೆಲ್ಮೆಟ್ಟು ತೆಗೆದು ಕಿವಿಯೊಳಗೆ ಕಿರುಬೆರಳು ಹಾಕಿ ಅಲ್ಲಾಡಿಸಿದ, ಮತ್ತೆ ಬಡಿದ. ಸದ್ದು ಬದಲಾಗಲಿಲ್ಲ.

ಒಂದು ಮಾತು ಕೂಗಿ ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗಳಾಗಿದ್ದರೆ, "ಏ, ಕಣ್ಣು ಎಲ್ಲಿಟ್ಕೊಂಡಿದ್ದೆ?" ಎಂದು ಮೇಲಿನಿಂದಲೇ ಗದರಿಸುತ್ತಿದ್ದ. ಅವಳೂ ಕೆಳಗಿನಿಂದ ಎರಡು ಮಾತು ವಾಪಸ್ ಕೊಡುತ್ತಿದ್ದಳು, ಕೆಲಸ ಮುಂದೆ ಹೋಗುತ್ತಿತ್ತು. ಆದರೆ ಕೆಳಗಿದ್ದವಳು ಸೊಸೆ. ಅದರಲ್ಲೂ ಹೋದ ವಾರದ ರಾಮಾಯಣ ಇನ್ನೂ ಹಸಿಯಾಗಿತ್ತು.

ಹೋದ ವಾರ ಒಂದು ಗೋದಾಮಿನ ಹಿಂದಿನ ಮರವನ್ನು ಅವಳೇ ಹತ್ತಿ, ನೋಡಿ, ಇಳಿದು ಬಂದು, ಎಡಗಡೆಯ ಕೊಂಬೆ ಒಳಗೆ ಕೊಳೆತು ಹೋಗಿದೆ ಎಂದಿದ್ದಳು. ಇವನು ಸುಮ್ಮನಿರಬೇಕೋ ಬೇಡವೋ. ಗೋದಾಮಿನವರ ಎದುರಿಗೇ ಮತ್ತೆ ತಾನು ಹತ್ತಿ, ಎಲ್ಲ ಕೊಂಬೆಯನ್ನೂ ಒಂದೊಂದಾಗಿ ಬಡಿದು, ಇಳಿದು ಬಂದು, "ಹೌದು, ಎಡಗಡೆಯದೇ ಹೋಗಿದೆ," ಎಂದು ಹೇಳಿದ. ಅವಳು ಹಗ್ಗ ಸುತ್ತಿ ಚೀಲಕ್ಕೆ ಹಾಕಿದಳು. ಅವತ್ತು ಸಂಜೆ ಗೋಡೆಯಾಚೆಯಿಂದ ಅವಳು ತನ್ನ ಗಂಡನಿಗೆ ಹೇಳುತ್ತಿದ್ದದ್ದು ಮಾತ್ರ ಕೇಳಿಸಿತು. ಅದನ್ನು ಕೇಳುವುದಕ್ಕೆ ಈ ಕಿವಿ ಚೆನ್ನಾಗಿಯೇ ಇತ್ತು. "ನಾನು ನೋಡಿದ್ದನ್ನ ಮತ್ತೆ ನೋಡೋದಾದ್ರೆ ನಾನ್ಯಾಕೆ ಬೇಕು? ನಮ್ಮ ಹಳೇ ಗ್ಯಾಂಗಿನವರು ಈಗ್ಲೂ ಕರೀತಿದಾರೆ. ಹೋಗ್ತೀನಿ ನಾನು."

ಮಗ ಬಸ್ಸು ಓಡಿಸುವವನು. ಮರ ಎಂದರೆ ಅವನಿಗೆ ರಸ್ತೆಗೆ ಅಡ್ಡ ಬೀಳುವ ವಸ್ತು. ಊರಿನ ಇನ್ನೊಂದು ಮೂಲೆಯ ಗ್ಯಾಂಗಿನಲ್ಲಿ ಮರ ಹತ್ತಿಕೊಂಡಿದ್ದ ಹುಡುಗಿಯನ್ನು ಅವನು ಮದುವೆಯಾಗಿ ಕರೆತಂದಾಗ ಮರಕುಟಿಗನಿಗೆ ಹೇಳಲಾಗದಷ್ಟು ಖುಷಿಯಾಗಿತ್ತು. ಊಟಕ್ಕೆ ಕೂತರೆ ಮರದ ಮಾತು, ಕೈ ತೊಳೆಯುವಾಗಲೂ ಮರದ ಮಾತು. ಅವಳು ಹೋದರೆ ಕಸುಬು ನಿಲ್ಲುತ್ತದೆ ಎನ್ನುವುದು ಇರಲಿ, ಮನೆಯಲ್ಲಿ ತನ್ನ ಮಾತು ತಿಳಿಯುವ ಜೀವವೇ ಇರುವುದಿಲ್ಲವಲ್ಲ ಎನ್ನುವುದು ಅವನ ಚಿಂತೆ. ಇವತ್ತು ಹೊರಡುವಾಗ ಹೆಂಡತಿ ಬಾಗಿಲಲ್ಲೇ ತಡೆದು ಹೇಳಿದ್ದಳು: "ನೋಡಿ, ಮೊದಲು ಅವಳು ಹತ್ತಿ ಗುರುತು ಹಾಕ್ಲಿ. ಆಮೇಲೆ ನೀವು ಹತ್ತಿ ಕೊಯ್ಯಿರಿ. ಅವಳ ಗುರುತನ್ನ ಕೆದಕೋಕೆ ಹೋದ್ರೆ ಅವಳ ಬ್ಯಾಗು ನಾನೇ ಕಟ್ಟಿಕೊಡ್ತೀನಿ, ತಿಳೀತಾ?"

ತಿಳಿದಿತ್ತು. ಅದಕ್ಕೇ ಬೆಳಿಗ್ಗೆ ಸೊಸೆ ಮರದಿಂದಿಳಿದು "ನೋಡಿದೀನಿ ಮಾವ, ಬಟ್ಟೆ ಕಟ್ಟಿದೀನಿ," ಎಂದಾಗ ಅವನು "ಸರಿಯಮ್ಮ" ಎಂದಷ್ಟೇ ಹೇಳಿದ್ದ. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡದ್ದಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಈಗ ನೋಡಿದರೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಗಿದೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಮಾವ, ಚೈನ್‌ಸಾ ಕಳಿಸ್ಲಾ?" ಕೆಳಗಿನಿಂದ ಸೊಸೆ ಕೂಗಿದಳು.

"ಹೂಂ, ಕಳಿಸು," ಎಂದುಬಿಟ್ಟ.

ಸಣ್ಣ ಮೋಟಾರು ಗರಗಸ ಹಗ್ಗದ ತುದಿಯಲ್ಲಿ ತಿರುಗುತ್ತ ತಿರುಗುತ್ತ ಮೇಲೆ ಬಂತು. ಗೇಟಿನ ಕಡೆಯ ಮೊದಲ ಕೊಂಬೆ ಕೈಗೆಟುಕುವಷ್ಟು ಹತ್ತಿರವಿತ್ತು. ಇಳಿಸುವ ಹಗ್ಗವನ್ನು ಅದಕ್ಕೆ ಬಿಗಿದ. ಗರಗಸ ಇಟ್ಟಾಗ ಹಾರಿದ ಪುಡಿ ಬೆಳ್ಳಗೆ, ತೇವವಾಗಿ, ಹೊಸ ಹಲಗೆಯ ವಾಸನೆಯದಾಗಿತ್ತು. ಕೊಳೆತ ಕೊಂಬೆಯ ಪುಡಿ ಹೀಗಿರುವುದಿಲ್ಲ ಎಂದು ಅವನ ಮೂಗಿಗೂ ಗೊತ್ತಿತ್ತು. "ಕೆಳಗಡೆ ಎಲ್ಲೋ ಬಿರುಕು ನೋಡಿರ್ಬೇಕು ಅವಳು. ಹುಳ ಹೊಕ್ಕಿರ್ಬೇಕು. ನನ್ನ ಕಣ್ಣಿಗೆ ಕಾಣದ್ದು ಅವಳ ಕಣ್ಣಿಗೆ ಕಂಡಿರುತ್ತೆ," ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೊಂಬೆ ಲಟಲಟ ಎಂದು ಬೇರೆಯಾಗಿ ಹಗ್ಗಕ್ಕೆ ಬಿತ್ತು. ಕೆಳಗೆ ಸೊಸೆ ಹಗ್ಗವನ್ನು ಮೆಲ್ಲಗೆ ಬಿಡುತ್ತ ಅದನ್ನು ನೆಲಕ್ಕಿಳಿಸಿದಳು.

ಇಳಿಸಿದವಳು ಗಂಟು ಬಿಚ್ಚಲಿಲ್ಲ. ಕೊಯ್ದ ಬಾಯಿಯ ಹತ್ತಿರ ಬಗ್ಗಿ ಕೂತು ನೋಡಿದಳು, ಬೆರಳಿನಿಂದ ಒತ್ತಿದಳು. ಆಮೇಲೆ ತಲೆಯೆತ್ತಿ ಮೇಲೆ ನೋಡಿದಳು. ಏನೋ ಹೇಳುವವಳಂತೆ ಕೈ ಎತ್ತಿ ಹಾಗೇ ಇಳಿಸಿಬಿಟ್ಟಳು. ಗಂಟು ಬಿಗಿಯಾಗಿದೆಯೇನೋ ಎಂದುಕೊಂಡು ಅವನು ಕಾದ. ಕೊನೆಗೆ ಬಿಚ್ಚಿ ಕೊಂಬೆಯನ್ನು ಪಕ್ಕಕ್ಕೆಳೆದಳು.

ಎರಡನೆಯ ಕೊಂಬೆ ದೂರಕ್ಕಿತ್ತು. ಅದರ ತುದಿಯವರೆಗೆ ಹೋಗಬೇಕಾದರೆ ಮರದ ನಡುಗವಲಿಗೆ ಹಾಕಿ ತಾನು ನೇತುಬಿದ್ದಿದ್ದ ಹಗ್ಗ ಸಾಲದು, ಎದುರಿನ ಎತ್ತರದ ಕೊಂಬೆಗೆ ಇನ್ನೊಂದು ಹಗ್ಗ ಹಾಕಿ ಅದಕ್ಕೆ ನೇತುಬೀಳಬೇಕು. ಎದುರಿನ ಎತ್ತರದ ಕೊಂಬೆ ಎಂದರೆ ಬಟ್ಟೆ ಕಟ್ಟಿದ್ದ ಕೊಂಬೆಯೇ. ಮರಕುಟಿಗ ಅದರ ಮುಂದೆ ಬಂದು ಕೂತ. ಮತ್ತೆ ಬಡಿಯಲಿಲ್ಲ, ಬಡಿದರೆ ಏನು ಕೇಳಿಸುತ್ತದೆ ಎಂದು ಗೊತ್ತಿತ್ತು. ಕೂತ ಕೊಂಬೆಯನ್ನೇ ಕಡಿದುಕೊಂಡ ಪೆದ್ದನ ಕತೆ ಎಲ್ಲರಿಗೂ ಗೊತ್ತು. ಪೊಳ್ಳು ಎಂದು ಗೊತ್ತಿದ್ದೂ ಕೊಂಬೆಗೆ ಹಗ್ಗ ಹಾಕಿಕೊಂಡವನ ಕತೆ ಯಾರೂ ಕಟ್ಟಿಲ್ಲ, ಅಂಥವನು ಇರಲಾರ ಎಂದೇ ಇರಬೇಕು. ಅವನು ಹಗ್ಗ ಹಾಕಿದ, ಕೊಕ್ಕೆ ಸಿಕ್ಕಿಸಿದ, ಜಗ್ಗಿ ನೋಡಿದ. ತಡೆಯಿತು. "ನೋಡು, ತಡೀತು. ಕಿವಿಯೇ ಹೋಗಿರೋದು," ಎಂದುಕೊಂಡಾಗ ಅವನಿಗೆ ಅಳು ಬಂದ ಹಾಗಾಯಿತು, ಜೊತೆಗೆ ಎಂಥದೋ ನಿರಾಳವೂ ಆಯಿತು. ಅವಳು ಸರಿ, ತಾನು ಮುದುಕ. ಅಷ್ಟೇ ತಾನೇ. ಹಾಗಾದರೆ ಹಾಗೇ ಆಗಲಿ, ಅವಳು ಉಳಿದರೆ ಸಾಕು.

ನಡುಗವಲಿನ ಹಗ್ಗದ ಕೊಕ್ಕೆ ಬಿಚ್ಚಿ, ಕಾಂಡ ಸುತ್ತಿದ್ದ ಸೊಂಟದ ಪಟ್ಟಿಯನ್ನೂ ಸಡಿಲಿಸಿ, ಮೈಭಾರವನ್ನು ಹೊಸ ಹಗ್ಗಕ್ಕೆ ಬಿಟ್ಟ.

ಕೆಳಗಿನಿಂದ "ಮಾವ, ಅದಕ್ಕಲ್ಲ..." ಎಂಬ ಕೂಗು ಬಂತು. ಅದು ಮುಗಿಯುವ ಮೊದಲೇ ತಲೆಯ ಮೇಲೆ ಸದ್ದಾಯಿತು. ಸಿಡಿದ ಸದ್ದಲ್ಲ, ನೆನೆದ ರಟ್ಟು ಹರಿದ ಹಾಗೆ ಮೆತ್ತನೆಯ ಸದ್ದು. ಅವನು ಬಿದ್ದ. ಎಷ್ಟು ಬಿದ್ದ, ಎತ್ತ ಬಿದ್ದ, ಒಂದೂ ತಿಳಿಯಲಿಲ್ಲ. ಎಲೆ, ಆಕಾಶ, ಜಾರುಬಂಡೆಯ ಕೆಂಪು, ಮತ್ತೆ ಎಲೆ. ಭುಜ ಕಾಂಡಕ್ಕೆ ಅಪ್ಪಳಿಸಿತು. ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಂಡ. ಅದು ಮರದ ಕಾಂಡವೇ. ಮುರಿದ ಕೊಂಬೆ ಪೂರ್ತಿ ಬೀಳದೆ, ತುದಿ ಕೆಳಗಿನ ಕವಲಿಗೆ ಸಿಕ್ಕಿ, ತೊಗಟೆಯ ಒಂದು ಎಳೆಯಲ್ಲಿ ನೇತಾಡುತ್ತಿತ್ತು. ಅದಕ್ಕೆ ಅವನ ಹಗ್ಗ, ಹಗ್ಗಕ್ಕೆ ಅವನು. ಮುರಿದ ಬಾಯಿಯಿಂದ ಕಂದು ಪುಡಿ ಕುತ್ತಿಗೆಯೊಳಗೆ ಉದುರುತ್ತಿತ್ತು.

"ಅಲ್ಲಾಡಬೇಡಿ ಮಾವ. ಬಂದೆ."

ನಡುಗವಲಿನಿಂದ ಇಳಿಬಿದ್ದಿದ್ದ ಹಳೆಯ ಹಗ್ಗ ಹಿಡಿದು ಸೊಸೆ ಮೇಲೆ ಬಂದಳು. ಅವಳ ಉಸಿರು ಮೊದಲು ಕೇಳಿಸಿತು, ಆಮೇಲೆ ಹೆಲ್ಮೆಟ್ಟು ಕಾಣಿಸಿತು. ಅವನ ಸೊಂಟದ ಪಟ್ಟಿಯನ್ನು ಕಾಂಡಕ್ಕೆ ಸುತ್ತಿ ಕೊಕ್ಕೆ ಹಾಕಿದಳು. ಒಂದಲ್ಲ, ತನ್ನ ಪಟ್ಟಿಯನ್ನೂ ತೆಗೆದು ಇನ್ನೊಂದು ಸುತ್ತು ಹಾಕಿದಳು. ಆಮೇಲೆ ಮುರಿದ ಕೊಂಬೆಯ ಹಗ್ಗದಿಂದ ಅವನನ್ನು ಬಿಡಿಸಿದಳು.

"ಅದಕ್ಕೆ ಯಾಕೆ ಹಗ್ಗ ಹಾಕಿದ್ರಿ ಮಾವ?"

"ನೀನೇ ಬಟ್ಟೆ ಕಟ್ಟಿದ್ಯಲ್ಲಮ್ಮ."

"ಕಟ್ಟಿದ್ದೆ. ಅದಕ್ಕೇ ಕೇಳ್ತಿರೋದು. ಬಟ್ಟೆ ಕಟ್ಟಿದ್ಮೇಲೂ ಯಾಕೆ ಹಾಕಿದ್ರಿ?"

ಮರಕುಟಿಗನಿಗೆ ಅವಳ ಮಾತಿನ ತಲೆಬುಡ ಹತ್ತಲಿಲ್ಲ. ಪೆಟ್ಟು ಭುಜಕ್ಕೆ ಬಿತ್ತೋ ತಲೆಗೆ ಬಿತ್ತೋ ಎಂದು ಅನುಮಾನ ಬಂತು. "ಬಟ್ಟೆ ಅಂದ್ರೆ ಗಟ್ಟಿ ಅಂತ ಅಲ್ವೇನಮ್ಮ? ಉಳಿಸು ಅಂತ?"

ಸೊಸೆ ಅವನನ್ನೇ ನೋಡಿದಳು. "ನಮ್ಮ ಗ್ಯಾಂಗಲ್ಲಿ ಹೋಗಿರೋದಕ್ಕೆ ಕಟ್ತಿದ್ವಿ," ಎಂದಳು. "ಮುಟ್ಟಬೇಡ, ಕೊಯ್ದು ಹಾಕು ಅಂತ. ನೀವೂ ಹಾಗೇ ಅನ್ಕೊಂಡಿದ್ದೆ. ನೀವು ಹತ್ತಿದ ಮರದಲ್ಲಿ ಬಟ್ಟೆ ಉಳಿದಿದ್ದನ್ನ ನಾನು ನೋಡೇ ಇಲ್ಲ. ಕಟ್ಟಿದ್ದನ್ನೆಲ್ಲ ಕೊಯ್ದು ಇಳಿಸಿದೀರಿ ಅಂತಲೇ ಇದ್ದೆ."

"ಇಳಿಯೋವಾಗ ಬಿಚ್ಚಿ ಜೇಬಿಗೆ ಹಾಕ್ಕೊಂಡು ಬರ್ತೀನಲ್ಲ."

ಕಾಗೆಯೊಂದು ಬಂದು ಮುರಿದ ಕೊಂಬೆಯ ಮೇಲೆ ಕೂರಲು ನೋಡಿ, ಅದು ಅಲ್ಲಾಡಿದ್ದಕ್ಕೆ ಹಾರಿಹೋಯಿತು.

"ಬಡಿದು ನೋಡ್ಲಿಲ್ವಾ?" ಸೊಸೆ ಕೇಳಿದಳು. "ನೀವು ಬಡೀದೆ ಯಾವತ್ತು ಬಿಟ್ಟಿದೀರಿ?"

"ಬಡಿದೆ. ಪೊಳ್ಳು ಅಂತ ಕೇಳಿಸ್ತು."

"ಕೇಳಿಸಿದ್ಮೇಲೂ?"

"ನೀನು ಕಟ್ಟಿದ್ಯಲ್ಲ," ಎಂದ. ಬೇರೆ ಕಾರಣ ಹುಡುಕಿದರೂ ಸಿಗಲಿಲ್ಲ. "ಮತ್ತೆ ನಾನು ಕೇಳಿದ್ರೆ ನೀನು ಹೊರಟುಹೋಗ್ತೀಯ ಅಂತ. ಗೋಡೆ ತೆಳ್ಳಗಿದೆ ನಮ್ಮನೇದು."

ಅವಳ ಮುಖ ಕೆಂಪಾಯಿತು. "ಗೇಟಿನ ಕಡೇದು ಒಳ್ಳೇ ಕೊಂಬೆ ಅಂತ ಅದು ಕೆಳಗೆ ಬಂದ ಕೂಡ್ಲೇ ಗೊತ್ತಾಯ್ತು ನನಗೆ," ಎಂದಳು. "ಕೂಗೋಣ ಅಂತ ಕೈ ಎತ್ತಿದೆ. ಮಾವ ಕೊಯ್ದಿದಾರೆ ಅಂದ್ರೆ ನನಗೆ ಕೇಳಿಸದೇ ಇರೋದು ಏನೋ ಅವರಿಗೆ ಕೇಳಿಸಿರ್ಬೇಕು ಅಂತ ಸುಮ್ಮನಾದೆ."

ಇಬ್ಬರೂ ಇಳಿದರು. ಸದ್ದು ಕೇಳಿ ಟೀಚರಮ್ಮ ಕೈಯಲ್ಲಿ ಗೋಂದಿನ ಬಾಟಲಿ ಹಿಡಿದುಕೊಂಡೇ ಹೊರಗೆ ಬಂದಿದ್ದರು. ಕೊಯ್ದು ಹಾಕಿದ ಕೊಂಬೆಯನ್ನೂ, ಜಾರುಬಂಡೆಯ ನೆತ್ತಿಯ ಮೇಲೆ ನೇತಾಡುತ್ತಿದ್ದ ಇನ್ನೊಂದನ್ನೂ ನೋಡಿ, ಕೊಯ್ದದ್ದರ ಬಾಯಿಯನ್ನು ಬೆರಳಿನಿಂದ ಮುಟ್ಟಿದರು.

"ಇದು ಹಸಿಯಾಗಿದೆಯಲ್ಲ?"

"ಹೌದಮ್ಮ, ಒಳ್ಳೇ ಕೊಂಬೆ. ತಪ್ಪಾಯ್ತು," ಎಂದ ಮರಕುಟಿಗ. "ಗೇಟಿನ ಹತ್ತಿರ ಇನ್ನು ಬಿಸಿಲು ಬೀಳುತ್ತೆ. ಆ ಮುರಿದದ್ದನ್ನ ಇವತ್ತೇ ಇಳಿಸಿಬಿಡ್ತೀವಿ. ನೀವು ಸ್ವಲ್ಪ ಒಳಗಿರಿ."

ಟೀಚರಮ್ಮ ಗೋಂದಿನ ಬಾಟಲಿಗೆ ಮುಚ್ಚಳ ಹಾಕಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಸೊಸೆ ಕುರ್ಚಿಗಳ ಪಕ್ಕದಲ್ಲಿ ಕೂತು ಬೆಲ್ಟು ಬಿಚ್ಚುತ್ತಿದ್ದಳು. ಕೊಕ್ಕೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. "ನಾಳೆಯಿಂದ ನಾನು ಬರಲ್ಲ ಮಾವ," ಎಂದಳು, ತಲೆಯೆತ್ತದೆ. "ಸಿಟ್ಟಲ್ಲ. ನನ್ನ ಗುರುತು ನಂಬಿ ನೀವು ಸತ್ತಿದ್ರೆ? ನಾನು ಮನೆಗೆ ಹೋಗಿ ಅತ್ತೆ ಮುಂದೆ ಹ್ಯಾಗೆ ನಿಲ್ಲೋದು? ಬೇಡ. ನೀವು ಹೇಳಿದ್ದನ್ನ ನಂಬೋಕೂ ಹೆದರಿಕೆ, ನಾನು ಹೇಳಿದ್ದನ್ನ ನೀವು ನಂಬಿದ್ರೂ ಹೆದರಿಕೆ. ಇದೆಂಥ ಕೆಲಸ."

ನಿನ್ನ ತಪ್ಪಿಲ್ಲ ಎನ್ನಬಹುದಿತ್ತು, ಆದರೆ ಹಾಗಾದರೆ ಯಾರದು? ತನ್ನದು ಎಂದರೆ ಅವಳು ಒಪ್ಪುವವಳಲ್ಲ. ಇಬ್ಬರದೂ ಎಂದರೆ ಯಾರದೂ ಅಲ್ಲ ಎಂದ ಹಾಗೆ. ಅಂಗಳದಲ್ಲಿ ಅತ್ತಿಂದಿತ್ತ ಕುಂಟಿದ. ಮೇಲೆ ಮುರಿದ ಕೊಂಬೆ ಗಾಳಿಗೆ ಕಿರ್ ಎಂದಿತು. ಅದನ್ನು ಹಾಗೇ ಬಿಟ್ಟು ಹೋಗುವಂತಿಲ್ಲ. ಯಾರಾದರೂ ಹತ್ತಲೇಬೇಕು. ಅವನು ತನ್ನ ಭುಜವನ್ನು ಎತ್ತಲು ನೋಡಿದ, ಅರ್ಧಕ್ಕೇ ನಿಂತಿತು.

ಚೈನ್‌ಸಾ ತಂದು ಸೊಸೆಯ ಮುಂದೆ ಇಟ್ಟ. ಮರದ ಮೇಲೆ ಕೊಯ್ಯುವ ಗರಗಸವನ್ನು ಅವನು ಇದುವರೆಗೆ ಯಾರ ಕೈಗೂ ಕೊಟ್ಟವನಲ್ಲ.

"ಹತ್ತು," ಎಂದ. "ನಾನು ಕೆಳಗಿರ್ತೀನಿ."

ಅವಳು ಗರಗಸವನ್ನೂ ಅವನನ್ನೂ ನೋಡಿದಳು. ಚೀಲದಿಂದ ಬೆಲ್ಟನ್ನು ಮತ್ತೆ ಹೊರಗೆಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಅವಳು ಮೇಲೆ ಹೋದ ಮೇಲೆ ಮರಕುಟಿಗ ಇಳಿಸುವ ಹಗ್ಗವನ್ನು ಕೈಗೆ ತೆಗೆದುಕೊಂಡ. ಇಷ್ಟು ವರ್ಷ ಕೊಂಬೆಯನ್ನು ಹಗ್ಗಕ್ಕೆ ಬಿಟ್ಟವನು ಅವನು. ಕೆಳಗೆ ಹಿಡಿದುಕೊಳ್ಳುವವರು ಬೇರೆಯವರು. ಹೆಂಡತಿ ಹಿಡಿದಿದ್ದಳು, ಆಮೇಲೆ ಯಾರ‍್ಯಾರೋ ಹಿಡಿದಿದ್ದರು, ಈಚೆಗೆ ಸೊಸೆ. ಅವರು ಭಾರ ತಡೆಯಲು ಹಗ್ಗವನ್ನು ಮರದ ಬುಡಕ್ಕೆ ಸುತ್ತಿ ನಿಲ್ಲುವುದನ್ನು ಮೇಲಿನಿಂದ ಸಾವಿರ ಸಲ ನೋಡಿದ್ದ. ತಾನೂ ಸುತ್ತಿದ, ಒಂದು, ಎರಡು. ತಲೆಯೆತ್ತಿದರೆ ಬರೀ ಎಲೆ. ಯಾವ ಕೊಂಬೆ ಎಲ್ಲಿಂದ ಹೊರಟಿದೆ, ಅವಳ ಕಾಲು ಯಾವುದರ ಮೇಲಿದೆ, ಒಂದೂ ಗೊತ್ತಾಗಲಿಲ್ಲ. ಇಷ್ಟು ಕುರುಡಾಗಿ ಇವರೆಲ್ಲ ಹೇಗೆ ನಿಂತಿದ್ದರಪ್ಪ ಎಂದು ದಿಗಿಲಾಯಿತು.

"ಕಟ್ಟಿದೆ ಮಾವ. ಕೊಯ್ಲಾ?"

ಗರಗಸ ಗುರುಗುಟ್ಟತೊಡಗಿತು. ಅವನು ಹಗ್ಗವನ್ನು ನೋಡಿದ, ಕೈಯನ್ನು ನೋಡಿದ, ಹೂಂ ಎನ್ನಲು ಬಾಯಿ ತೆರೆದ.

"ತಾಳಮ್ಮ," ಎಂದ. ಗರಗಸದ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು. "ತಾಳು. ಎಷ್ಟು ಸುತ್ತು ಹಾಕ್ಬೇಕು? ನನಗೆ ಗೊತ್ತಾಗ್ತಿಲ್ಲ."

ಮೇಲೆ ಗರಗಸ ನಿಂತಿತು.

"ಎಷ್ಟು ಹಾಕಿದೀರಿ?"

"ಎರಡು."

"ಇನ್ನೊಂದು ಹಾಕಿ. ಭಾರ ಇದೆ ಇದು. ಕಾಲು ಎಲ್ಲಿದೆ ನೋಡ್ಕೊಳ್ಳಿ, ಹಗ್ಗದ ಸುರುಳಿಯೊಳಗೆ ಇಡಬೇಡಿ."

ನೋಡಿಕೊಂಡ. ಎಡಗಾಲು ಸುರುಳಿಯ ಒಳಗೇ ಇತ್ತು. ಅದನ್ನು ಎತ್ತಿ ಈಚೆಗಿಟ್ಟು, ಇನ್ನೊಂದು ಸುತ್ತು ಹಾಕಿ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಹಾಕಿದೆ," ಎಂದು ಕೂಗಿದ. ಎಲೆಗಳ ನಡುವಿನಿಂದ ಅವಳು ಏನೋ ಅಂದದ್ದು ಗರಗಸದ ಸದ್ದಿನಲ್ಲಿ ಮುಳುಗಿತು. ಸ್ವಲ್ಪ ಹೊತ್ತಿಗೆ ಮರದ ಹೊಟ್ಟು ಅವನ ತಲೆಯ ಮೇಲೆ, ತೋಳಿನ ಮೇಲೆ ಉದುರತೊಡಗಿತು, ಮತ್ತು ಅಂಗೈಯೊಳಗೆ ಹಗ್ಗ ಮೆಲ್ಲಗೆ ಬಿಗಿಯಾಯಿತು.